ಪರನುಡಿಯಲ್ಲೊಂದು ಪ್ರಬಂಧ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಯಾವ ಶಾಲೆಗೆ ಹೋದರೂ ವರ್ಷಕ್ಕೆ ಒಂದೆರಡು ಸಲವಾದರೂ ಪ್ರಬಂಧ ಸ್ಪರ್ಧೆಯ ಗಡಿಬಿಡಿ ಕಣ್ಣಿಗೆ ಬೀಳುತ್ತದೆ. ವಿಷಯಗಳು ಹೆಚ್ಚು ಕಡಿಮೆ ಅವೇ: ಸ್ವಾತಂತ್ರ್ಯ ಹೋರಾಟ, ಪರಿಸರ ಸಂರಕ್ಷಣೆ, ಗ್ರಂಥಾಲಯದ ಮಹತ್ವ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹ ಹಾಕಿ, ಗೈಡಿನಲ್ಲಿದ್ದುದನ್ನು ತಪ್ಪಿಲ್ಲದೆ ಇಳಿಸಿದವರಿಗೆ ಬಹುಮಾನ. ಚಪ್ಪಾಳೆ ತಟ್ಟಿ ಎಲ್ಲರೂ ಮನೆಗೆ.

ಈ ಚಪ್ಪಾಳೆಯ ನಡುವೆ ಒಂದು ಮಗುವನ್ನು ಯಾರೂ ಗಮನಿಸುವುದಿಲ್ಲ. ಅದು ತಾಂಡಾದಿಂದ ಬರುವ ಮಗು. ಮನೆಯಲ್ಲಿ ಆಡುವುದು ಲಂಬಾಣಿ. ಕನ್ನಡ ಕಲಿತದ್ದು ಶಾಲೆಯ ಹೊಸ್ತಿಲು ದಾಟಿದ ಮೇಲೆ. ಗುಳೆ ಹೋಗುವುದೆಂದರೇನು, ಬಾಗಿಲಿಗೆ ಬೀಗ ಬಿದ್ದ ಮನೆಯಲ್ಲಿ ಅಜ್ಜಿಯೊಬ್ಬಳೇ ಉಳಿಯುವುದೆಂದರೇನು ಎಂಬುದನ್ನು ಅದು ಕಣ್ಣಾರೆ ಕಂಡಿದೆ. ಆದರೆ ಬರೆಯಲು ಕೂತರೆ ಒತ್ತಕ್ಷರ ತಪ್ಪುತ್ತದೆ, ವಿಭಕ್ತಿ ಜಾರುತ್ತದೆ. ಹುಟ್ಟಿನಿಂದ ಕನ್ನಡ ಆಡಿದ ಮಗುವಿನ ಹಾಳೆಯ ಪಕ್ಕದಲ್ಲಿ ಅದರ ಹಾಳೆ ಕೆಂಪು ಗೀಟುಗಳಿಂದ ತುಂಬಿ ಹಿಂದೆ ಸರಿಯುತ್ತದೆ. ಉರ್ದು ಮನೆಮಾತಿನ ಮಗುವಿನ ಕಥೆಯೂ ಇದೇ. ಗಡಿಯ ಹಳ್ಳಿಗಳ ತೆಲುಗು ಮನೆಮಾತಿನ ಮಗುವಿನದೂ ಇದೇ.

ಮನೆಮಾತಿನಲ್ಲಿ ಬರೆಯುವವರನ್ನೂ ಕಲಿತ ಮಾತಿನಲ್ಲಿ ಬರೆಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಈ ಪ್ರಶ್ನೆಗೆ ಬಹುದೂರದ ಒಂದು ನುಡಿಯವರು ತಮ್ಮದೇ ರೀತಿಯಲ್ಲಿ ಉತ್ತರ ಕಂಡುಕೊಂಡಿದ್ದಾರೆ. ಅವರೇ ಡಚ್ಚರು.

ಕನ್ನಡಕ್ಕಿಂತ ಚಿಕ್ಕ ನುಡಿ

ಡಚ್ ನುಡಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಉತ್ತರ ಭಾಗದ ಜನರ ಮಾತು. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಆಡಳಿತ ಭಾಷೆಯೂ ಹೌದು. ಅದನ್ನಾಡುವವರು ಎಲ್ಲ ಸೇರಿ ಸುಮಾರು ಎರಡೂವರೆ ಕೋಟಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಎಂದರೆ, ತಲೆ ಎಣಿಕೆಯಲ್ಲಿ ಡಚ್ ಕನ್ನಡಕ್ಕಿಂತ ಸಾಕಷ್ಟು ಚಿಕ್ಕ ನುಡಿ. ಸುತ್ತ ಇಂಗ್ಲಿಷ್, ಫ್ರೆಂಚ್, ಜರ್ಮನ್‌ಗಳಂಥ ದೊಡ್ಡ ನುಡಿಗಳಿರುವಾಗ ಡಚ್ಚನ್ನು ಹೊರಗಿನವರು ಏಕೆ ಕಲಿಯಬೇಕು ಎಂಬ ಪ್ರಶ್ನೆ ಅವರಿಗೂ ಎದುರಾಗಿದೆ.

ಅದಕ್ಕೆ ಅವರು ಕೈಕಟ್ಟಿ ಕೂಡಲಿಲ್ಲ. 1980ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಒಪ್ಪಂದ ಮಾಡಿಕೊಂಡು 'ತಾಲ್‌ಯೂನಿ' ಎಂಬ ಭಾಷಾ ಒಕ್ಕೂಟ ಕಟ್ಟಿದವು. ಕಾಗುಣಿತ, ವ್ಯಾಕರಣ, ನಿಘಂಟುಗಳ ಜೊತೆಗೆ ಪರದೇಶದಲ್ಲಿ ಡಚ್ ಕಲಿಯುವವರ ಹೊಣೆಯೂ ಈ ಒಕ್ಕೂಟದ್ದು. ಸುಮಾರು 40 ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಇಂದು ಡಚ್ ಕಲಿಸಲಾಗುತ್ತಿದೆ. ಆ ಅಧ್ಯಾಪಕರದೇ ಅಂತರರಾಷ್ಟ್ರೀಯ ಸಂಘವೊಂದು 1970ರಿಂದ ಇದೆ. ಕಲಿತವರ ಮಟ್ಟ ಅಳೆಯಲು ಪ್ರತ್ಯೇಕ ಪರೀಕ್ಷೆ ಇದೆ.

ಇದೇ ಸಾಲಿಗೆ ಸೇರುವುದು ಪರದೇಶದಲ್ಲಿ ಡಚ್ ಕಲಿಯುವ ವಿದ್ಯಾರ್ಥಿಗಳಿಗೆಂದೇ ಇಡುವ ಪ್ರಬಂಧ ಬಹುಮಾನ. ಇದರ ತಿರುಳು ಸರಳ. ಸ್ಪರ್ಧಿಸುವವರು ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿ ಬೆಳೆದವರಲ್ಲ. ಡಚ್ ಕೇಳಿಬರದ ಊರಿನಲ್ಲಿ ಕೂತು, ನಿಘಂಟು ತಿರುವಿ, ಆ ನುಡಿಯನ್ನು ಒಲಿಸಿಕೊಂಡವರು. ಓಟ ಶುರುವಾಗುವ ಗೆರೆ ಎಲ್ಲರಿಗೂ ಒಂದೇ. ಕಲಿಯುವವನನ್ನು ಕಲಿಯುವವನ ಜೊತೆಗೇ ತೂಗುವುದು ಇಲ್ಲಿನ ನ್ಯಾಯ.

ಪ್ರಬಂಧವನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಬಿಟ್ಟ ಸ್ಥಳ ತುಂಬುವುದರಿಂದ, ಸರಿ ಉತ್ತರಕ್ಕೆ ಗುರುತು ಹಾಕುವುದರಿಂದ ಒಬ್ಬನಿಗೆ ಎಷ್ಟು ಶಬ್ದ ಬರುತ್ತದೆ ಎಂದು ತಿಳಿದೀತು. ಆದರೆ ಆ ನುಡಿಯಲ್ಲಿ ಅವನು ಯೋಚಿಸಬಲ್ಲನೇ, ಒಂದು ಮಾತಿನಿಂದ ಇನ್ನೊಂದು ಮಾತಿಗೆ ಓದುಗನನ್ನು ಕೈಹಿಡಿದು ನಡೆಸಬಲ್ಲನೇ ಎಂಬುದು ಪ್ರಬಂಧದಲ್ಲೇ ಗೊತ್ತಾಗಬೇಕು.

ಅಂದಹಾಗೆ, ಡಚ್ ಕಲಿಯಲು ಯಾದಗಿರಿ ಕಡೆಯ ಮಕ್ಕಳಿಗೆ ಒಂದೆರಡು ಅನುಕೂಲಗಳೂ ಇವೆ. ಡಚ್ಚಿನ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂಡುತ್ತದೆ. ಇಂಗ್ಲಿಷ್‌ನವರಿಗೆ ಇದು ತಲೆನೋವು. ಕನ್ನಡದವರಿಗೆ ಹುಟ್ಟಿನಿಂದ ಬಂದ ರೂಢಿ. ಶಬ್ದಕ್ಕೆ ಶಬ್ದ ಜೋಡಿಸಿ ಉದ್ದನೆಯ ಸಮಾಸ ಮಾಡುವುದೂ ಅಷ್ಟೇ. ಇನ್ನು ಡಚ್ಚಿನ ಗಂಟಲಿನ ಸದ್ದು ಅನೇಕರಿಗೆ ಹೊರಡುವುದೇ ಇಲ್ಲ. ಆದರೆ ಉರ್ದುವಿನ 'ಖಬರ್', 'ಖತ' ಮುಂತಾದ ಶಬ್ದಗಳನ್ನು ಸರಿಯಾಗಿ ಉಚ್ಚರಿಸಬಲ್ಲ ಮಗುವಿಗೆ ಆ ಸದ್ದು ಹೊಸದೇನಲ್ಲ.

ಬಿಜಾಪುರಕ್ಕೆ ಬಂದ ಡಚ್ಚ

ಡಚ್ಚಿಗೂ ಈ ಸೀಮೆಗೂ ಎಲ್ಲಿಯ ಸಂಬಂಧ ಎಂದು ಕೇಳುವವರು ನಾಲ್ಕುನೂರು ವರ್ಷ ಹಿಂದೆ ಹೋಗಬೇಕು. ಸಗರನಾಡು ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಸಂಗೀತಪ್ರಿಯ ದೊರೆ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ 1610ರ ಹೊತ್ತಿಗೆ ಹಾರ್ಲೆಮ್ ಪಟ್ಟಣದ ಡಚ್ ಚಿತ್ರಕಾರನೊಬ್ಬ ಬಂದು ಸೇರಿದ. ಅವನ ಹೆಸರು ಕಾರ್ನೆಲಿಸ್ ಕ್ಲಾಸ್ ಹೇಡಾ. ಪ್ರಾಗ್, ಪರ್ಷಿಯಾಗಳನ್ನು ಸುತ್ತಿ ಬಂದಿದ್ದ ಆತ ಮತ್ತೆ ತನ್ನ ದೇಶ ಕಾಣಲಿಲ್ಲ. 1622ರಲ್ಲಿ ತೀರಿಕೊಳ್ಳುವವರೆಗೂ ಬಿಜಾಪುರದ ದೊರೆಯ ಸೇವೆಯಲ್ಲೇ ಇದ್ದ.

ಹೇಡಾನ ವಿಷಯ ಇಂದು ತಿಳಿದಿರುವುದು ಬಹುಮಟ್ಟಿಗೆ ಡಚ್ ಕಾಗದಪತ್ರಗಳಿಂದ. ಡಚ್ ಈಸ್ಟ್ ಇಂಡಿಯಾ ಕಂಪನಿ ಬಿಟ್ಟುಹೋದ ದಾಖಲೆಗಳು ಸುಮಾರು ಎರಡೂವರೆ ಕೋಟಿ ಪುಟಗಳಷ್ಟಿವೆ. ಅವು ಹೇಗ್, ಜಕಾರ್ತ, ಕೊಲಂಬೊ, ಕೇಪ್‌ಟೌನ್ ಮತ್ತು ನಮ್ಮ ಪಕ್ಕದ ಚೆನ್ನೈಯಲ್ಲಿ ಹಂಚಿಹೋಗಿವೆ. 2003ರಲ್ಲಿ ಯುನೆಸ್ಕೊ ಇವನ್ನು ಜಗತ್ತಿನ ಸ್ಮರಣೆಯ ಪಟ್ಟಿಗೆ ಸೇರಿಸಿತು. ಕರಾವಳಿಯ ಅಕ್ಕಿ ಮತ್ತು ಕಾಳುಮೆಣಸಿನ ವ್ಯಾಪಾರ, ಕೆಳದಿಯ ನಾಯಕರೊಡನೆ ನಡೆದ ವ್ಯವಹಾರ, ಬಿಜಾಪುರದ ಏಳುಬೀಳು ಎಲ್ಲವೂ ಆ ಕಾಗದಗಳಲ್ಲಿ ಇವೆ. ಕನ್ನಡನಾಡಿನ ಚರಿತ್ರೆಯ ಒಂದು ಪಾಲು ಡಚ್ ಲಿಪಿಕಾರರ ಕೈಬರಹದಲ್ಲಿ ಕೂತು ಓದುವವರಿಗಾಗಿ ಕಾಯುತ್ತಿದೆ ಎಂದರೂ ಸರಿಯೇ.

ಇದನ್ನು ಮನಗಂಡೇ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ ಈ ಶತಮಾನದ ಮೊದಲ ವರ್ಷಗಳಲ್ಲಿ ಏಷ್ಯಾ ಮತ್ತು ಆಫ್ರಿಕಾದ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಡಚ್ ನುಡಿಯನ್ನೂ ಹಳೆಯ ಕೈಬರಹ ಓದುವ ವಿದ್ಯೆಯನ್ನೂ ಕಲಿಸಿತು. ಭಾರತದವರೂ ಅದರಲ್ಲಿ ಕಲಿತು, ಮಲಬಾರ್ ಕರಾವಳಿಯ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆದರು. ಕೆಳದಿ ಅರಸರ ಬಗೆಗಿನ ಡಚ್ ದಾಖಲೆಗಳನ್ನು ಬಳಸಿ 2022ರಲ್ಲಿ ಪುಸ್ತಕ ಬರೆದವರು ಡಚ್ ವಿದ್ವಾಂಸ ಲೆನಾರ್ಟ್ ಬೆಸ್. ಆ ಕೆಲಸಕ್ಕೆ ಕನ್ನಡದ ಹುಡುಗ ಹುಡುಗಿಯರೂ ಕೈಹಾಕಬೇಡವೇ?

ಕಾಗದವಿದ್ದೂ ಓದಲಾಗದ ಸಂಕಟ ಯಾದಗಿರಿ ಜಿಲ್ಲೆಯ ರೈತರಿಗೆ ಹೊಸದಲ್ಲ. ನಿಜಾಮರ ಕಾಲದ ಹೊಲದ ದಾಖಲೆಗಳು ಉರ್ದುವಿನಲ್ಲಿವೆ. ವ್ಯಾಜ್ಯ ಬಂದಾಗ ಅವನ್ನು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಅಂಥವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಒಂದು ನುಡಿ ಬಲ್ಲವರು ಇಲ್ಲವಾದರೆ ಮನೆಯ ಪೆಟ್ಟಿಗೆಯಲ್ಲಿರುವ ಕಾಗದವೂ ಮೂಕವಾಗುತ್ತದೆ.

ಪದಕ ಪಡೆದವರು, ಪಡೆಯದವನು

ಪರನುಡಿ ಕಲಿತವರಿಗೆ ಬಹುಮಾನ ಕೊಡುವ ಪದ್ಧತಿ ಭಾರತದಲ್ಲೂ ಹಳೆಯದೇ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. ಇಂಗ್ಲೆಂಡಿನಿಂದ ಬಂದ ಹದಿಹರೆಯದ ಅಧಿಕಾರಿಗಳಿಗೆ ದೇಶಭಾಷೆ ಕಲಿಸುವುದು ಅದರ ಕೆಲಸ. ಕಲಿಸಬೇಕಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಅಲ್ಲಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ.

ಈ ಕಾಲೇಜಿನಲ್ಲಿ ಪ್ರತಿವರ್ಷ ಸಭೆ ನಡೆಯುತ್ತಿತ್ತು. ಗವರ್ನರ್ ಜನರಲ್ಲನ ಎದುರಿಗೆ ನಿಂತು ವಿದ್ಯಾರ್ಥಿಗಳು ಪಾರಸಿ, ಹಿಂದೂಸ್ತಾನಿ, ಬಂಗಾಳಿಗಳಲ್ಲಿ ವಾದ ಮಾಡಬೇಕು. ಗೆದ್ದವರಿಗೆ ಪದಕ, ಹಣ. 1802ರಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳನ್ನೂ ಈ ವಾದಗಳನ್ನೂ ಸೇರಿಸಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಆಳುವವರ ಅನುಕೂಲಕ್ಕಾಗಿ ನಡೆದ ಏರ್ಪಾಡು ಇದು ಎಂಬುದರಲ್ಲಿ ಅನುಮಾನವಿಲ್ಲ. ಕಲಿಸಿದ ಮುನ್ಷಿಗಳ ಕೊರಳಿಗೆ ಪದಕ ಬೀಳಲಿಲ್ಲ ಎಂಬುದೂ ನಿಜ. ಆದರೂ ಕಲಿತ ನುಡಿಯಲ್ಲಿ ನಾಲ್ಕು ಜನರೆದುರು ವಿಚಾರ ಮಂಡಿಸುವುದೇ ನಿಜವಾದ ಪರೀಕ್ಷೆ ಎಂಬ ತಿಳಿವಳಿಕೆ ಅವರಲ್ಲಿತ್ತು.

ಇಂಥ ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ, ಪದಕವನ್ನೂ ಪಡೆಯದೆ ಭಾಷೆ ಕಲಿತವನೊಬ್ಬ ಸುರಪುರಕ್ಕೆ ಬಂದ. ಅವನೇ ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್ 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದ. ಆ ಕೆಲಸ ಕೈಗೂಡದೆ ಹೈದರಾಬಾದಿನ ನಿಜಾಮನ ಸೇವೆಗೆ ಸೇರಿದ. ಶಾಲೆಯ ಓದು ಅರ್ಧಕ್ಕೇ ನಿಂತಿದ್ದ ಈ ಹುಡುಗ ದಖ್ಖನಿನ ನುಡಿಗಳನ್ನು ಜನರ ನಡುವೆ ತಿರುಗಾಡಿಯೇ ಕಲಿತ. ಠಕ್ಕರ ವಿಚಾರಣೆಯಲ್ಲಿ ಕಿವಿಗೊಟ್ಟು ಕೇಳಿದ್ದೇ 1839ರಲ್ಲಿ ಠಕ್ಕನೊಬ್ಬನ ಆತ್ಮಕಥೆಯ ರೂಪದ ಕಾದಂಬರಿಯಾಗಿ ಹೊರಬಂದು ಇಂಗ್ಲೆಂಡಿನಲ್ಲಿ ಹೆಸರಾಯಿತು.

1841ರಲ್ಲಿ ಸುರಪುರ ಸಂಸ್ಥಾನದ ವ್ಯವಹಾರ ನೋಡಿಕೊಳ್ಳಲು ಬಂದ ಟೇಲರ್ 1853ರವರೆಗೂ ಇಲ್ಲಿದ್ದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪೋಷಣೆಯ ಹೊಣೆ ಅವನದಾಯಿತು. ಬಾಲರಾಜ ಅವನನ್ನು ಕರೆಯುತ್ತಿದ್ದುದು 'ಅಪ್ಪ' ಎಂದು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವನ ಹೆಸರು ಹೇಳುತ್ತದೆ. ಇಲ್ಲಿದ್ದಾಗಲೇ ಅವನು ರಾಜನಕೋಳೂರು, ಶಹಾಪುರದ ಹತ್ತಿರದ ವಿಭೂತಿಹಳ್ಳಿ, ಭೀಮೆಯ ಕಡೆಯ ಜೇವರ್ಗಿಗಳ ಕಲ್ಲುಗೋರಿ, ಕಲ್ಲುಸಾಲುಗಳನ್ನು ಅಳೆದು, ಅಗೆಸಿ, ಚಿತ್ರ ಬರೆದುಕೊಂಡ. ಆ ಬಗ್ಗೆ ಅವನು ಬರೆದ ಪ್ರಬಂಧ ಮುಂದೆ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿ ಪ್ರಕಟವಾಯಿತು. ಡಿಗ್ರಿ ಇಲ್ಲದವನೊಬ್ಬ ಸುರಪುರ ಸೀಮೆಯ ಕಲ್ಲುಗಳ ವಿಷಯ ಬರೆದು ಪಂಡಿತರ ಮುಂದಿಟ್ಟದ್ದು ಸಣ್ಣ ಮಾತಲ್ಲ.

ಭಾಷೆ ಬಂದ ಮಾತ್ರಕ್ಕೆ ಎಲ್ಲವೂ ಸುಖಾಂತ್ಯವಾಗುತ್ತದೆ ಎಂದೇನಿಲ್ಲ. 'ಅಪ್ಪ' ಎಂದು ಕರೆದ ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ಟೇಲರ್ ಎಷ್ಟೇ ನುಡಿ ಕಲಿತರೂ ಆಳುವವರ ಕಡೆಯವನೇ ಆಗಿದ್ದ. ಇದನ್ನು ಮರೆಯದೆಯೇ ಅವನ ಕಲಿಕೆಯ ಶ್ರದ್ಧೆಯನ್ನು ವಿದ್ಯಾರ್ಥಿಗಳು ನೋಡಬೇಕು.

ಕಲಿತ ನುಡಿಯ ನಾಡು

ಹಾಗೆ ನೋಡಿದರೆ ಈ ಸೀಮೆಯಲ್ಲಿ ಪರನುಡಿಯಲ್ಲಿ ಬರೆಯದ ತಲೆಮಾರೇ ಇಲ್ಲ. ವಚನಕಾರ ಜೇಡರ ದಾಸಿಮಯ್ಯನ ಮುದನೂರು ಇರುವುದು ಸುರಪುರ ಸೀಮೆಯಲ್ಲೇ. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕಡಕೋಳ ಮಡಿವಾಳಪ್ಪನವರ ಶಿಷ್ಯ ಪರಂಪರೆಯ ಚೆನ್ನೂರ ಜಲಾಲಸಾಹೇಬರು ಹಾಡಿದ್ದು ಕನ್ನಡದ ತತ್ವಪದಗಳನ್ನು.

ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ 1884ರವರೆಗೆ ಪಾರಸಿ, ಅನಂತರ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಕಾನೂನುಗಳನ್ನೂ ಉರ್ದುವಿನಲ್ಲೇ ಓದಬೇಕಿತ್ತು. ಮನೆಯಲ್ಲಿ ಕನ್ನಡವಾಡುವ ಯಾದಗಿರಿ, ಶಹಾಪುರದ ಹುಡುಗರು ಶಾಲೆಯಲ್ಲಿ 'ಮಜಮೂನು' ಬರೆಯುತ್ತಿದ್ದರು. ಉರ್ದುವಿನಲ್ಲಿ ಪ್ರಬಂಧಕ್ಕೆ ಅದೇ ಹೆಸರು. ತಮ್ಮದಲ್ಲದ ನುಡಿಯಲ್ಲಿ ಉರ್ದು ಮನೆಮಾತಿನವರೊಡನೆ ಪೈಪೋಟಿ ಮಾಡಬೇಕಾದ ಕಷ್ಟವನ್ನು ಆ ತಲೆಮಾರಿನ ಕನ್ನಡಿಗರು ಉಂಡಿದ್ದರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ವಿಮೋಚನೆಯಾಗಿ, 1956ರಲ್ಲಿ ಈ ಭಾಗ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಕನ್ನಡದ ಮಕ್ಕಳಿಗೆ ಆ ಕಷ್ಟ ತಪ್ಪಿತು. ಈಗ ಅದೇ ಕಷ್ಟವನ್ನು ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಅನುಭವಿಸುತ್ತಿದ್ದಾರೆ. ಅದನ್ನು ಅರ್ಥಮಾಡಿಕೊಳ್ಳಲು ಈ ನಾಡಿನ ಹಿರಿಯರಿಗಿಂತ ಯೋಗ್ಯರು ಇನ್ನಾರು?

ಕಲಿತವರು ಯಾವ ಎತ್ತರಕ್ಕೆ ಏರಬಲ್ಲರು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಗಳಿವೆ. ಜರ್ಮನಿಯ ಉತ್ತರದಂಚಿನಲ್ಲಿ, ನೆದರ್ಲೆಂಡ್ಸ್‌ಗೆ ಹತ್ತಿರದ ಸೀಮೆಯಲ್ಲಿ 1832ರಲ್ಲಿ ಹುಟ್ಟಿದ ಕಿಟೆಲ್ 1853ರಲ್ಲಿ ಮಂಗಳೂರಿಗೆ ಬಂದವರು. ಕಲಿತ ಕನ್ನಡದಲ್ಲೇ ಪದ್ಯ ಕಟ್ಟಿ 1862ರಲ್ಲಿ 'ಕಥಾಮಾಲೆ' ಪ್ರಕಟಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಡಚ್ ಮೂಲದ ರಾಬರ್ಟ್ ಝೈಡನ್‌ಬಾಸ್ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಪಿಎಚ್.ಡಿ. ಪಡೆದು, ಮೈಸೂರಿನಲ್ಲಿ ವರ್ಷಗಟ್ಟಲೆ ಇದ್ದು, ಜರ್ಮನಿಯ ಮ್ಯೂನಿಕ್‌ನಲ್ಲಿ ಕನ್ನಡ ಕಲಿಸಿದವರು. ಕನ್ನಡದಲ್ಲೇ ಲೇಖನಗಳನ್ನು ಬರೆದ ಅವರು 2020ರಲ್ಲಿ ಆಧುನಿಕ ಕನ್ನಡದ ಕೈಪಿಡಿಯನ್ನು ಹೊರತಂದರು. ಇವರ ಮೊದಮೊದಲ ಕನ್ನಡ ಹಾಳೆಗಳಲ್ಲೂ ಒತ್ತಕ್ಷರಗಳು ತಪ್ಪಿರಲಾರವೇ?

ನಮ್ಮ ಶಾಲೆಗಳಲ್ಲಿ

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83. ರಾಜ್ಯದಲ್ಲೇ ಅತಿ ಕಡಿಮೆ. ಅರ್ಧಕ್ಕರ್ಧ ಮನೆಗಳಲ್ಲಿ ಮಗುವಿನ ಹಾಳೆ ಓದಿ ತಿದ್ದುವವರಿರುವುದೇ ಕಷ್ಟವೆನ್ನುವ ಇಂಥ ಕಡೆ ಬರವಣಿಗೆಯ ಧೈರ್ಯ ಕೊಡಬೇಕಾದದ್ದು ಶಾಲೆ. ಡಚ್ಚರ ಪದ್ಧತಿಯನ್ನು ಇಲ್ಲಿಗೆ ಹೊಂದಿಸಿಕೊಳ್ಳಲು ದೊಡ್ಡ ಖರ್ಚೇನೂ ಬೇಕಿಲ್ಲ. ಈಗಿನ ಪ್ರಬಂಧ ಸ್ಪರ್ಧೆ ಇದ್ದಂತೆಯೇ ಇರಲಿ. ಅದರ ಪಕ್ಕದಲ್ಲಿ, ಬೇರೆ ಮನೆಮಾತಿನ ಮಕ್ಕಳು ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಬಹುಮಾನ, ಕನ್ನಡದ ಮಕ್ಕಳು ಇಂಗ್ಲಿಷ್‌ನಲ್ಲೋ ಉರ್ದುವಿನಲ್ಲೋ ಬರೆಯುವುದಕ್ಕೆ ಒಂದು ಬಹುಮಾನ ಸೇರಿಸಿದರೆ ಸಾಕು. ಆಗ ಪ್ರತಿ ಮಗುವೂ ಒಂದು ಕಡೆ ಮನೆಯವನು, ಇನ್ನೊಂದು ಕಡೆ ಕಲಿಯುವವನು. ಯಾರೂ ಮೇಲಲ್ಲ, ಕೀಳಲ್ಲ.

ವಿಷಯಗಳು ಮಕ್ಕಳು ಕಂಡುಂಡವೇ ಆಗಿರಲಿ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಊರಿನ ಹೊಲಗಳಲ್ಲಿ ಏನು ಬದಲಾಯಿತು? ಶಹಾಪುರದ ಬುದ್ಧ ಮಲಗಿದ ಬೆಟ್ಟ ಯಾವ ಕಡೆಯಿಂದ ನೋಡಿದರೆ ಹಾಗೆ ಕಾಣುತ್ತದೆ? ಗುಳೆ ಹೋದವರ ಮನೆಯಲ್ಲಿ ಹಬ್ಬ ಹೇಗಿರುತ್ತದೆ? ಇವಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ.

ತೀರ್ಪು ಕೊಡುವವರು ಮೊದಲ ಸಲ ಕೈಯಲ್ಲಿ ಕೆಂಪು ಪೆನ್ನು ಹಿಡಿಯದೆ ಓದುವುದು ಮೇಲು. ಹೇಳಬೇಕಾದದ್ದು ಇದೆಯೇ, ಅದು ಮಗುವಿನದೇ ಮಾತೇ, ಒಂದು ಸಾಲು ಮುಂದಿನ ಸಾಲಿಗೆ ದಾರಿ ಕೊಡುತ್ತದೆಯೇ ಎಂದು ನೋಡಿ, ಕಾಗುಣಿತಕ್ಕೆ ಕೊನೆಯಲ್ಲಿ ಸ್ವಲ್ಪ ಅಂಕ ಇಟ್ಟರೆ ಸಾಕು. ಬಹುಮಾನ ಬಾರದವರ ಹಾಳೆಯನ್ನೂ ಎರಡು ಮಾತು ಬರೆದು ಹಿಂದಿರುಗಿಸಬೇಕು. ತಪ್ಪು ಎಲ್ಲಿದೆ ಎಂದು ಗುರುತು ಮಾಡಿದರೆ ಸಾಕು; ತಿದ್ದುವ ಕೆಲಸ ಮಗುವಿನದೇ ಆಗಲಿ.

ವಿದ್ಯಾರ್ಥಿಗಳಿಗೆ ಉಪಾಯ ಹಳೆಯದೇ. ಕಲಿಯುತ್ತಿರುವ ನುಡಿಯಲ್ಲಿ ದಿನಕ್ಕೆ ಹತ್ತು ಸಾಲು, ಅಂದು ಕಂಡದ್ದರ ಬಗ್ಗೆ. ಶಬ್ದ ಸಿಗದಿದ್ದರೆ ಜಾಗ ಬಿಟ್ಟು ಮುಂದೆ ಹೋಗಬೇಕು, ಸಂಜೆ ಕೇಳಿ ತುಂಬಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಎಡವುವ ಜಾಗ ಕಿವಿಗೇ ಗೊತ್ತಾಗುತ್ತದೆ. ಒಂದು ವರ್ಷ ಬಿಡದೆ ನಡೆಸಿದರೆ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಪಕ್ಕದಲ್ಲಿಟ್ಟು ನೋಡಬಹುದು.

"ಇದರಿಂದ ನೌಕ್ರಿ ಸಿಗ್ತದೇನ್ರಿ ಸರ?" ಎಂದು ತಂದೆತಾಯಿ ಕೇಳುವುದು ಸಹಜ. ಪ್ರಬಂಧದ ಬಹುಮಾನ ನೇರವಾಗಿ ನೌಕರಿ ಕೊಡುವುದಿಲ್ಲ. ಆದರೆ ಅರ್ಜಿ, ವರದಿ, ಸ್ಪರ್ಧಾತ್ಮಕ ಪರೀಕ್ಷೆಯ ಉತ್ತರ ಎಲ್ಲದಕ್ಕೂ ತನ್ನ ವಿಚಾರವನ್ನು ಕ್ರಮವಾಗಿ ಬರೆಯುವ ಕೈ ಬೇಕು. ಬಾಯಿಪಾಠ ಮಾಡಿದ ಹುಡುಗ ಕೇಳದ ಪ್ರಶ್ನೆ ಬಂದಾಗ ನಿಂತುಬಿಡುತ್ತಾನೆ. ಬರೆದು ರೂಢಿಯಿದ್ದವನು ಮುಂದೆ ಹೋಗುತ್ತಾನೆ. ಮನೆಯಲ್ಲಿ ಓದು ಬಾರದ ತಾಯಿಯೂ ಒಂದು ಕೆಲಸ ಮಾಡಬಹುದು. ಮಗು ಬರೆದದ್ದನ್ನು ಓದಿಸಿ, ತನ್ನ ಮನೆಮಾತಿನಲ್ಲಿ ಹೇಳಿಸಿ ಕೇಳಬಹುದು. ತಾಯಿಗೆ ತಿಳಿಯುವಂತೆ ಹೇಳಲು ಬಂದರೆ ಮಗುವಿಗೆ ವಿಷಯ ತಿಳಿದಿದೆ ಎಂದೇ ಅರ್ಥ.

ಮುಂದಿನ ಸಲ ಪ್ರಬಂಧ ಸ್ಪರ್ಧೆ ಬಂದಾಗ ತಾಂಡಾದ ಆ ಮಗು ಗುಳೆಯ ವಿಷಯ ಬರೆಯಲಿ. ಒತ್ತಕ್ಷರ ಅಲ್ಲಲ್ಲಿ ತಪ್ಪಿರಬಹುದು. ಆದರೆ ಬೀಗ ಹಾಕಿದ ಬಾಗಿಲು, ಒಬ್ಬಳೇ ಉಳಿದ ಅಜ್ಜಿ ಆ ಹಾಳೆಯಲ್ಲಿ ಇರುತ್ತಾರೆ. ಓದುವವರು ಮೊದಲು ಅವರನ್ನು ನೋಡಿ, ಆಮೇಲೆ ಒತ್ತಕ್ಷರದ ಕಡೆಗೆ ಬರಲಿ.